ಮೂರನೆಯ ಕೊಡದ ಆರಂಭಪಟ್ಟಿ

ರಾತ್ರಿ ಎರಡು ಗಂಟೆಗೆ ಮೂರನೆಯ ಕೊಡದಿಂದ ಒಂದು ಸಣ್ಣ ಸದ್ದು ಬಂತು. ಗಾಜನ್ನು ಉಗುರಿನಿಂದ ಒಮ್ಮೆ ತಟ್ಟಿದಷ್ಟೇ ಸದ್ದು. ನನಗೆ ಅದು ಗೊತ್ತು. ಕೊಡದೊಳಗಿನ ಸ್ಪೀಕರು ತೆರೆದುಕೊಳ್ಳುವಾಗ ಹಾಗೆ ಟಕ್ ಎನ್ನುತ್ತದೆ. ಆದರೆ ಮೂರನೆಯದು ಸುಮ್ಮನಿರಬೇಕಿತ್ತು. ನಾಲ್ಕು ದಿನದ ಹಿಂದೆ ಅದನ್ನು ಸುಮ್ಮನಾಗಿಸಿದವಳು ನಾನೇ.

ಕೊಡ ಎನ್ನುವುದು ಆಯಾಗಳು ಇಟ್ಟ ಹೆಸರು. ಕಾಗದಪತ್ರಗಳಲ್ಲಿ ಅದು ಗರ್ಭಪೋಷಕ ಯಂತ್ರ. ಐದೂವರೆ ತಿಂಗಳಿಗೇ ಹೊರಬಂದ ಕೂಸುಗಳನ್ನು ಗಾಳಿಗೆ ಒಡ್ಡದೆ, ಬೆಚ್ಚನೆಯ ನೀರಿನಲ್ಲಿಟ್ಟು, ಹೊಕ್ಕುಳಬಳ್ಳಿಯ ಮೂಲಕವೇ ಉಸಿರೂ ಊಟವೂ ಒದಗಿಸಿ ಬೆಳೆಸುತ್ತದೆ. ಹೊಟ್ಟೆ ದಪ್ಪ, ಕತ್ತು ಸಣ್ಣ. ಕೊಡ ಎಂದದ್ದರಲ್ಲಿ ತಪ್ಪಿಲ್ಲ. ದಾವಣಗೆರೆಯ ನಮ್ಮ ವಾರ್ಡಿನಲ್ಲಿ ಅಂಥವು ಏಳು. ಒಂದೊಂದರ ಪಕ್ಕದಲ್ಲೂ ಒಂದು ಲಿನಕ್ಸ್ ಕಂಪ್ಯೂಟರು, ಮನೆಯ ಮೇಜಿನ ಮೇಲಿರುವಂಥದ್ದೇ. ಆ ಏಳನ್ನೂ ನೋಡಿಕೊಳ್ಳುವ ಕೆಲಸ ನನ್ನದು.

ಕಂಪ್ಯೂಟರು ಎದ್ದ ಕೂಡಲೇ ಒಂದು ಪಟ್ಟಿಯನ್ನು ಓದುತ್ತದೆ. ನೀರಿನ ಬಿಸಿ ನೋಡು. ಪಂಪು ನಡೆಸು. ಬೆಳಕು ತಗ್ಗಿಸು. ನಾಡಿ ಬರೆದಿಡು. ಆರು ಗಂಟೆಗೊಮ್ಮೆ ತಾಯಿಯ ದನಿ ಕೇಳಿಸು. ಒಂದು ಸಾಲಿಗೆ ಒಂದು ಆಜ್ಞೆ. ಯಾರೂ ನಿಂತು ಹೇಳಬೇಕಿಲ್ಲ, ಪಟ್ಟಿಯಲ್ಲಿದ್ದರೆ ಸಾಕು, ತಾನಾಗಿ ಶುರುವಾಗುತ್ತದೆ. ಏಳು ಪಟ್ಟಿಗಳನ್ನೂ ಬರೆದವಳು ನಾನು. ಬರೆದ ಮೇಲೆ ಮೂರು ಸಲ ಓದಿದ್ದೇನೆ. ಮನೆಗೆ ಹೋಗಿ ಮತ್ತೆ ಬಂದು ಓದಿದ್ದೂ ಉಂಟು.

ಮೂರನೆಯ ಕೊಡದ ಕೂಸು ಹೆಣ್ಣು. ಇಪ್ಪತ್ತಮೂರು ವಾರಕ್ಕೆ ಬಂದಳು. ಅವಳ ತಾಯಿ ಅಂಬಿಕಾ ಹೆರಿಗೆಯ ನಂತರ ಒಂಬತ್ತು ದಿನ ಬದುಕಿದ್ದಳು. ನಂಜು ಮೈಗೆಲ್ಲ ಏರಿತ್ತು. ಆ ಒಂಬತ್ತರಲ್ಲಿ ಮೂರು ದಿನ ಅವಳ ಹಾಸಿಗೆಯ ಪಕ್ಕ ಮೈಕು ಹಿಡಿದು ಕುಳಿತು ನಾನು ಅವಳ ದನಿ ಮುದ್ರಿಸಿಕೊಂಡೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಹಾಡು ಬರುವುದಿಲ್ಲ ಎಂದಳು. "ಬಯ್ಯಲಾ?" ಎಂದು ಕೇಳಿದಳು. ಬಯ್ಯಿ ಎಂದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅಂಬಿಕಾಳ ತಾಯಿ ನೀಲಮ್ಮ ವಾರ್ಡಿಗೆ ಬಂದರು. ಜೊತೆಯಲ್ಲಿ ಅಳಿಯ ವೀರೇಶ, ಸಾರಿಗೆ ಬಸ್ಸಿನ ಕಂಡಕ್ಟರು. ಅವನು ಗೋಡೆ ನೋಡುತ್ತ ನಿಂತಿದ್ದ. ಮಾತಾಡಿದ್ದು ನೀಲಮ್ಮನೇ.

"ಸತ್ತೋರ ದನಿ ಕೂಸಿನ ಕಿವಿಗೆ ಬೀಳಬಾರದು ತಂಗಿ. ಅದಕ್ಕೇನು ತಿಳೀತೈತಿ? ಅವ್ವ ಕರೀತಾಳ ಅಂತ ಹಿಂದೇ ಹೊಂಟುಬಿಡ್ತೈತಿ. ನಿಲ್ಲಿಸಿಬಿಡ್ರಿ."

ಅರ್ಜಿಗೆ ಅವರು ಸಹಿ ಹಾಕಿದರು. ವೀರೇಶನೂ ಹಾಕಿದ. ನಾನು ಅವತ್ತೇ ಆ ಸಾಲನ್ನು ಪಟ್ಟಿಯಿಂದ ಅಳಿಸಿದೆ. ಅಳಿಸಿದ್ದೇನೆಯೋ ಇಲ್ಲವೋ ಎಂದು ಎರಡು ಸಲ ನೋಡಿದೆ. ಇರಲಿಲ್ಲ.

ಈಗ ಈ ಸದ್ದು.

ಕೊಡದ ಹತ್ತಿರ ಹೋಗಿ ಪಟ್ಟಿ ತೆರೆದೆ. ಸಾಲು ಇಲ್ಲ. ಆದರೆ ಆ ಹೊತ್ತಿನಲ್ಲಿ ಓಡುತ್ತಿರುವ ಕೆಲಸಗಳನ್ನು ತೆರೆದು ನೋಡಿದಾಗ ಅಲ್ಲಿ ಅದು ಇತ್ತು, ಕೂಸು ಬಂದ ವಾರದಿಂದ ಒಂದು ದಿನವೂ ತಪ್ಪದೆ ಓಡುತ್ತ. ನನ್ನ ಕಿವಿ ಬಿಸಿಯಾಯಿತು. ಇದು ಈ ವಿದ್ಯೆಯಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ. ಪಟ್ಟಿಯನ್ನು ಯಂತ್ರ ಓದುವುದು ಏಳುವಾಗ ಮಾತ್ರ. ಎದ್ದ ಮೇಲೆ ಸಾಲು ಅಳಿಸಿದರೆ, ಆಗಲೇ ಶುರುವಾದದ್ದು ನಿಲ್ಲುವುದಿಲ್ಲ. ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತರೆ ಒಳಗಿದ್ದವರು ಮನೆ ಬಿಟ್ಟು ಹೋಗುತ್ತಾರೆಯೆ? ನಾನು ಹಲಗೆ ಕಿತ್ತು ಬಂದಿದ್ದೆ. ಆ ರಾತ್ರಿಯವರೆಗೆ ನನಗೆ ಹಗಲು ಪಾಳಿ, ಗದ್ದಲದಲ್ಲಿ ಟಕ್ ಸದ್ದು ಕೇಳಿಸಿರಲಿಲ್ಲ.

ನಿಲ್ಲಿಸಲು ಒಂದೇ ಪದ ಸಾಕಿತ್ತು. ಬೆರಳು ಕೀಲಿಯ ಮೇಲೆ ಇಟ್ಟೆ. ನಿಲ್ಲಿಸುವ ಮೊದಲು ಸರಿಯಾದದ್ದನ್ನೇ ನಿಲ್ಲಿಸುತ್ತಿದ್ದೇನೆಯೆ ಎಂದು ಖಚಿತಮಾಡಿಕೊಳ್ಳಬೇಕಲ್ಲ, ಅದು ನನ್ನ ಅಭ್ಯಾಸ. ಪ್ರತಿ ಕೊಡಕ್ಕೂ ವಾರ್ಡಿನ ಗಾಜಿನ ಗೋಡೆಯಾಚೆ ಹಳೆಯ ಟೆಲಿಫೋನಿನಂಥ ಒಂದು ರಿಸೀವರು ಇದೆ, ಮನೆಯವರು ಕೂಸಿನ ಎದೆಬಡಿತ ಕೇಳಲೆಂದು. ಹೋಗಿ ಅದನ್ನು ಕಿವಿಗಿಟ್ಟೆ.

"...ಏನೇ, ಏನು ಅವಸರ ಇತ್ತು ನಿಂಗೆ? ಬಸ್ಸು ತಪ್ಪಿಹೋಗ್ತಿತ್ತಾ? ನಿಮ್ಮಪ್ಪ ಇದಾನಲ್ಲ, ನಿಲ್ಲಿಸ್ತಿದ್ದ. ದಿನಾ ಯಾರ್‍ಯಾರಿಗೋ ನಿಲ್ಲಿಸ್ತಾನೆ, ನಿಂಗೆ ನಿಲ್ಲಿಸಲ್ವಾ..."

ಆಮೇಲೆ ಆ ಬತ್ತಿದ ಗಂಟಲಿನಲ್ಲೇ ಒಂದು ನಗು. ನಗುವಿನ ಹಿಂದೆ ಕೂಸಿನ ಎದೆಬಡಿತ, ಒಂದೇ ಸಮ.

ರಿಸೀವರು ತೂಗುಹಾಕಿದೆ. ಬೆಳಿಗ್ಗೆ ನಿಲ್ಲಿಸಿದರಾಯಿತು ಎಂದುಕೊಂಡೆ. ಬೆಳಿಗ್ಗೆ, ಪಾಳಿ ಮುಗಿದಿದೆ, ನಾಳೆ ಎಂದುಕೊಂಡೆ.

ಹೀಗೆ ಮೂರು ವಾರ. ಪ್ರತಿದಿನವೂ ಅದು ನನ್ನ ಕತ್ತಿನ ಮೇಲೆ ಕುಳಿತಿರುತ್ತಿತ್ತು. ಸಹಿಯಿರುವ ಕಾಗದ ಕಪಾಟಿನಲ್ಲಿದೆ. ಕೂಸಿಗೆ ಏನಾದರೂ ಆದರೆ, ಆ ಮುದುಕಿಯ ಮುಖ ನೋಡಿ ನಾನು ಏನು ಹೇಳಲಿ? ದನಿಯಿಂದ ಯಾರೂ ಸಾಯುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಕಾರಿಡಾರಿನಲ್ಲಿ ನೀಲಮ್ಮ ಕಂಡರೆ ನಾನು ಔಷಧದ ಕೋಣೆಗೆ ಹೊಕ್ಕುಬಿಡುತ್ತಿದ್ದೆ. ಅವರು ದಿನಾ ಮಧ್ಯಾಹ್ನ ಬರುತ್ತಿದ್ದರು. ವೀರೇಶ ರಾತ್ರಿ, ಬಸ್ಸು ಡಿಪೋಗೆ ಬಿಟ್ಟ ಮೇಲೆ ಬಂದು, ರಿಸೀವರು ಮುಟ್ಟದೆ, ಗಾಜಿನ ಮುಂದೆ ಐದು ನಿಮಿಷ ನಿಂತು ಹೋಗುತ್ತಿದ್ದ.

ಆಯುಧಪೂಜೆಯ ಹಿಂದಿನ ಸಂಜೆ ನನ್ನ ಗಂಡ ರುದ್ರೇಶ ಸ್ಕೂಟರಿಗೆ ಸೋಪುನೀರು ಹಾಕಿ ಉಜ್ಜುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕುಳಿತು ಚೆಂಡುಹೂ ಕಟ್ಟುತ್ತಿದ್ದೆ.

"ಗ್ಯಾಸು ಆಫ್ ಮಾಡಿದೀನಾ?" ಎಂದೆ.

"ಈಗ ತಾನೆ ಹೋಗಿ ನೋಡಿ ಬಂದೆ ನೀನು."

"ಬಂದೆನಾ?"

"ನಿನ್ನ ತಲೇಲೂ ಒಂದು ಪಟ್ಟಿ ಇದೆ ನೋಡು, ಆ ಕಂಪ್ಯೂಟರ್ ಥರಾನೇ. ಎದ್ದ ಕೂಡಲೇ ಗ್ಯಾಸು, ಚಿಲಕ, ಚಿಂತೆ. ಮೂರೂ ತಾನಾಗೇ ಶುರು."

ನಕ್ಕೆ. ಹೂ ಕಟ್ಟುವುದನ್ನು ನಿಲ್ಲಿಸಿ ಹೇಳಿದೆ, "ನಾಳೆ ಪೂಜೆಗೆ ಎಲ್ಲಾ ಕಂಪ್ಯೂಟರೂ ನಿಲ್ಲಿಸಿ ಎಬ್ಬಿಸ್ತಾರೆ."

"ಕೂಸುಗಳು?"

"ಬ್ಯಾಟರಿ ಇದೆ, ಹದಿನೈದು ನಿಮಿಷ ಪಂಪು ನಡೆಯುತ್ತೆ. ಒಂದೊಂದಾಗಿ ಮಾಡ್ತೀವಿ. ಆದರೆ ಎದ್ದ ಮೇಲೆ, ಪಟ್ಟಿಯಲ್ಲಿ ಇಲ್ಲದ್ದು ಯಾವುದೂ ಇರಲ್ಲ."

ಅವರು ಕೈಯಲ್ಲಿದ್ದ ಬಟ್ಟೆ ಹಿಂಡುತ್ತ ನನ್ನ ಮುಖ ನೋಡಿದರು. "ಏನು ಇರಬೇಕಿತ್ತು?"

"ಏನಿಲ್ಲ."

ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಗಿತ್ತು. ನಾನು ಮಾಡಲಾಗದೆ ಬಿಟ್ಟ ಕೆಲಸವನ್ನು ಪೂಜೆ ಮಾಡುತ್ತದೆ. ನನ್ನ ಕೈಗೆ ಅಂಟುವುದಿಲ್ಲ.

ಮರುದಿನ ಬೆಳಿಗ್ಗೆ ವಾರ್ಡಿನ ಮುಖ್ಯಸ್ಥೆ ಡಾಕ್ಟರ್ ಸಬೀಹಾ ತಾವೇ ಕುಂಕುಮದ ಬಟ್ಟಲು ಹಿಡಿದು ಬಂದರು. "ವರ್ಷಕ್ಕೊಂದು ಸಲ ನಿಲ್ಲಿಸಿ ಎಬ್ಬಿಸಿ ನೋಡಲೇಬೇಕು ಸುಗುಣಾ. ಪೂಜೆ ಇಲ್ಲದಿದ್ದರೆ ನಾವು ಯಾರೂ ಮಾಡಲ್ಲ. ನೀವಂತೂ ಪ್ರಾಣ ಹೋದರೂ ಮಾಡಲ್ಲ," ಎಂದರು. ಕೊಡಗಳ ಕೊರಳಿಗೆ ಹೂ, ಕಂಪ್ಯೂಟರುಗಳ ಹಣೆಗೆ ಕುಂಕುಮ. ಕುಂಬಳಕಾಯಿಯನ್ನು ಹೊರಗೆ ಗೇಟಿನ ಹತ್ತಿರ ಒಡೆದರು, ಕೂಸುಗಳಿಗೆ ಸದ್ದಾಗಬಾರದು ಎಂದು.

ಮೂರನೆಯದರ ಸರದಿ ಬಂದಾಗ ತೆರೆ ಕಪ್ಪಾಯಿತು. ಒಂದು ನಿಮಿಷ ಅದು ಬರೀ ಗಾಜು, ಅದರಲ್ಲಿ ನನ್ನ ಮುಖ. ಗುಂಡಿ ಒತ್ತಿದೆ. ಸಾಲುಗಳು ಒಂದೊಂದಾಗಿ ಏರತೊಡಗಿದವು. ಬಿಸಿ ಸರಿ. ಪಂಪು ಸರಿ. ಬೆಳಕು ಸರಿ. ನಾಡಿ ಸರಿ. ಪಟ್ಟಿ ಅಲ್ಲಿಗೆ ಮುಗಿಯಿತು. ಮಧ್ಯಾಹ್ನ ಎರಡಕ್ಕೆ ಕಿವಿಗೊಟ್ಟು ನಿಂತಿದ್ದೆ. ಸದ್ದು ಬರಲಿಲ್ಲ.

ಮೂರನೆಯ ದಿನ ಡಾಕ್ಟರ್ ಸಬೀಹಾ ನನ್ನನ್ನು ಒಳಗೆ ಕರೆದರು. ತೆರೆಯ ಮೇಲೆ ಮೂರನೆಯ ಕೊಡದ ನಾಡಿಯ ಗೆರೆ. ಪೂಜೆಯ ದಿನದವರೆಗೆ ಸಮತಟ್ಟಾದ ಗದ್ದೆಯ ಹಾಗೆ. ಆಮೇಲೆ ಅಲ್ಲಲ್ಲಿ ಹಳ್ಳ.

"ನಿನ್ನೆ ನಾಲ್ಕು ಸಲ ನಾಡಿ ಇಳಿದಿದೆ. ಮೂರು ದಿನದಿಂದ ತೂಕ ಒಂದು ಗ್ರಾಂ ಏರಿಲ್ಲ. ಹೀಗೇ ಇನ್ನೆರಡು ದಿನ ಹೋದರೆ ಹೊರಗೆ ತೆಗೀಬೇಕಾಗುತ್ತೆ ಸುಗುಣಾ. ಇವಳ ಶ್ವಾಸಕೋಶ ಇನ್ನೂ ಗಾಳಿಗೆ ಸಿದ್ಧ ಇಲ್ಲ."

ನಾನು ಗೆರೆಯಲ್ಲಿನ ಹಳ್ಳಗಳನ್ನು ಎಣಿಸಿದೆ.

"ಶುರುವಾಗಿದ್ದು ಪೂಜೆ ದಿನದಿಂದ. ಎಬ್ಬಿಸುವಾಗ ಏನೋ ಬಿಟ್ಟುಹೋಗಿದೆ. ಇವತ್ತು ಇನ್ನೊಂದು ಸಲ ನಿಲ್ಲಿಸಿ ಎಬ್ಬಿಸಿ, ಪಟ್ಟಿ ಸಾಲು ಸಾಲು ನೋಡಿ. ನೀವು ನೋಡಿದರೆ ಸಿಗುತ್ತೆ."

ಏನು ಬಿಟ್ಟುಹೋಗಿದೆ ಎಂದು ನನಗೆ ಗೊತ್ತಿತ್ತು. ಹೇಳಿದರೆ ಮೂರು ವಾರ ಸಹಿಯ ವಿರುದ್ಧ ದನಿ ಕೇಳಿಸಿದ್ದೂ ಹೊರಬೀಳುತ್ತದೆ. ಹೇಳದಿದ್ದರೆ ಆ ಸಾಲು ಮತ್ತೆ ಸೇರುವುದಿಲ್ಲ. ಸೇರಿಸಿದರೆ, ಬೇಡ ಎಂದವರ ಬೆನ್ನ ಹಿಂದೆ ಸೇರಿಸಿದ ಹಾಗೆ. ಈ ಮೂರನ್ನೂ ತಿರುಗಿಸಿ ತಿರುಗಿಸಿ ಯೋಚಿಸುತ್ತ ಕಾರಿಡಾರಿಗೆ ಬಂದರೆ, ಎಂದಿನಂತೆ ಎರಡು ಗಂಟೆಯ ಹೊತ್ತಿಗೆ ಬಂದ ನೀಲಮ್ಮ ಬೆಂಚಿನ ಮೇಲೆ ಕುಳಿತಿದ್ದರು. ಔಷಧದ ಕೋಣೆಗೆ ಹೊಗಲು ಹೊತ್ತಿರಲಿಲ್ಲ.

"ತಂಗೀ, ಬಾ ಇಲ್ಲಿ. ಕುಂದ್ರು."

ಕುಳಿತೆ.

"ಮೂರು ದಿನ ಆತು," ಎಂದರು ತಗ್ಗಿದ ದನಿಯಲ್ಲಿ. "ಆಕಿ ಮಾತಾಡವಲ್ಲಳು."

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿದು ಅವರ ಕಡೆ ತಿರುಗಿದೆ.

"ನಿಮಗೆ... ಗೊತ್ತಿತ್ತಾ ಅಮ್ಮಾ?"

"ಸಹಿ ಹಾಕಿದ ಮರುದಿನಾನೇ. ಕೂಸಿನ ಎದಿ ಕೇಳೋಣು ಅಂತ ಫೋನು ಕಿವಿಗಿಟ್ಟೆ. ನನ್ನ ಮಗಳು ಬಯ್ಯಾಕ ಹತ್ತಿದ್ಲು. ಯಾರಿಗೆ ಹೇಳ್ಲಿ? ಹೇಳಿದ್ರ ನಿಲ್ಲಿಸ್ರಿ ಅನ್ನಬೇಕಾಗ್ತಿತ್ತು. ನಾನ ಬ್ಯಾಡ ಅಂದಾಕಿ ಅಲ್ಲೇನು?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ದಿನಾ ಎರಡು ಗಂಟೆಗೆ ಬರ್ತಿದ್ದೆ. ಕೂಸು ಹಿಂದ ಹೋಗ್ಲಿಲ್ಲ ತಂಗಿ. ಕೇಳಕೊಂತ ಕುಂದರ್ತಿತ್ತು. ನಾನೂ ಕುಂದರ್ತಿದ್ದೆ."

"ನಾನು ನಿಲ್ಲಿಸಬೇಕಿತ್ತು. ತಪ್ಪಾಯಿತು. ಮೊದಲು ಮರೆತೆ, ಆಮೇಲೆ ಮರೆತದ್ದಲ್ಲ."

"ತಪ್ಪು ಅಂತ ನಾನೇನರ ಅಂದ್ನಾ?" ಎಂದು ಗದರಿದರು. ಆ ಗದರಿಕೆ ನಾನು ಎಲ್ಲೋ ಕೇಳಿದ್ದು ಎನ್ನಿಸಿತು. ಇಪ್ಪತ್ತು ನಿಮಿಷ ಅದನ್ನೇ ಕೇಳಿದ್ದೇನೆ. ಮಗಳಿಗೆ ಬೈಗುಳ ಎಲ್ಲಿಂದ ಬಂತೆಂದು ಆಗ ತಿಳಿಯಿತು.

"ಮತ್ತೆ ಹಾಕಲಾ?" ಎಂದು ಕೇಳಿದೆ. "ಅದರಿಂದಲೇ ಸರಿಹೋಗುತ್ತೆ ಅಂತ ನಾನು ಮಾತು ಕೊಡಲಾರೆ. ಗೊತ್ತಿಲ್ಲ."

ಅವರು ಗಾಜಿನ ಕಡೆ ತಿರುಗಿದರು. "ಹಾಕು. ಆದ್ರ ವೀರೇಶಗ ತಿಳೀಬಾರದು. ನಾ ಹೇಳಿದೆ ಅಂತ ಅವ ಸಹಿ ಹಾಕಿದ. ಒಂದು ವೇಳ್ಯಾ ಏನರ ಆದ್ರ, ಅದು ನನ್ನ ತಲಿ ಮ್ಯಾಲ ಇರ್ಲಿ. ಆ ಹುಡುಗನ ತಲಿ ಮ್ಯಾಲ ಬ್ಯಾಡ. ಅವ ಇನ್ನ ಭಾಳ ದಿನ ಬದುಕಬೇಕು."

ಒಳಗೆ ಹೋಗಿ ಸಾಲು ಬರೆದೆ. ಬ್ಯಾಟರಿಯ ದೀಪ ನೋಡಿದೆ, ಮತ್ತೆ ನೋಡಿದೆ. ಡಾಕ್ಟರು ಹೇಳಿದಂತೆ ಯಂತ್ರವನ್ನು ನಿಲ್ಲಿಸಿ ಎಬ್ಬಿಸಿದೆ. ಆರು ಗಂಟೆಯ ಲೆಕ್ಕ ಯಂತ್ರ ಎದ್ದ ಮೇಲೆ ಒಮ್ಮೆ ಕೇಳಿಸಿಯೇ ಶುರುವಾಗಬೇಕು ಎಂದು ಬರೆದಿದ್ದೆ. ಗಾಜಿನಾಚೆ ನೀಲಮ್ಮ ಆಗಲೇ ರಿಸೀವರು ಹಿಡಿದು ನಿಂತಿದ್ದರು. ಬಿಸಿ ಸರಿ. ಪಂಪು ಸರಿ. ಬೆಳಕು, ನಾಡಿ ಸರಿ. ದನಿಯ ಸಾಲು ಬಂತು, ದಾಟಿಹೋಯಿತು.

ನೀಲಮ್ಮ ನನ್ನ ಕಡೆ ನೋಡಿ ತಲೆಯಾಡಿಸಿದರು. ಇಲ್ಲ.

ಸಾಲನ್ನು ಓದಿದೆ. ಅಕ್ಷರ ಒಂದೂ ತಪ್ಪಿಲ್ಲ. ಮತ್ತೆ ಓದಿದೆ. ಕಡತ ಇದೆ, ದಾರಿ ಸರಿ ಇದೆ. ಹಾಗಾದರೆ ಏಕೆ? ಕಣ್ಣು ಮುಚ್ಚಿ, ಯಂತ್ರ ಏಳುವ ಕ್ರಮವನ್ನು ಮನಸ್ಸಿನಲ್ಲೇ ನಡೆಸಿದೆ. ಆಗ ಹೊಳೆಯಿತು. ದನಿಯ ಆಜ್ಞೆ ಬಂದಾಗ ಸ್ಪೀಕರು ಇನ್ನೂ ಎದ್ದಿರಲಿಲ್ಲ. ಕೂಸು ಬಂದ ವಾರ ಯಂತ್ರ ಆಗಲೇ ಎದ್ದಿತ್ತು, ಸಾಲು ಬರೆದು ನಾನೇ ಕೈಯಾರೆ ಶುರುಮಾಡಿದ್ದೆ. ಯಂತ್ರ ಏಳುವಾಗಲೇ ಅದಕ್ಕೆ ಸರದಿ ಬಂದದ್ದು ಇದೇ ಮೊದಲು. ಕರೆದವರು ಕರೆದೇ ಹೋದರು, ಕೇಳುವವರು ಇನ್ನೂ ನಿದ್ದೆಯಲ್ಲಿದ್ದರು. ಸಾಲಿನ ಮುಂದೆ ಇನ್ನೊಂದು ಆಜ್ಞೆ ಸೇರಿಸಿದೆ. ಮೂವತ್ತು ಸೆಕೆಂಡು ಕಾಯಿ, ಆಮೇಲೆ.

ಬ್ಯಾಟರಿಯಲ್ಲಿ ಇನ್ನೂ ಒಂಬತ್ತು ನಿಮಿಷ ಇತ್ತು. ನಿಲ್ಲಿಸಿದೆ. ಎಬ್ಬಿಸಿದೆ. ಸಾಲುಗಳು ಏರಿ ನಿಂತವು. ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತೆಂಟು. ಇಪ್ಪತ್ತೊಂಬತ್ತು.

ಟಕ್.

ನೀಲಮ್ಮ ರಿಸೀವರನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಅವರ ತುಟಿ ಅಲುಗುತ್ತಿತ್ತು. ನೋಡಿದರೆ, ಮಗಳ ಮಾತನ್ನು ಅವಳಿಗಿಂತ ಒಂದು ಪದ ಮುಂಚೆಯೇ ತಾವು ಹೇಳುತ್ತಿದ್ದರು. ಅಷ್ಟೂ ಬಾಯಿಪಾಠವಾಗಿತ್ತು.

ಆ ರಾತ್ರಿ ನಾಡಿ ಒಮ್ಮೆ ಇಳಿಯಿತು. ಮರುದಿನ ಇಳಿಯಲಿಲ್ಲ. ನಾಲ್ಕನೆಯ ದಿನಕ್ಕೆ ತೂಕ ಏರತೊಡಗಿತು. ದನಿಯಿಂದಲೇ ಎಂದು ನಾನು ಬರೆಯಲಾರೆ. ಒಂದು ಕೂಸನ್ನು ನೋಡಿ ಹಾಗೆ ಹೇಳಲು ಬರುವುದಿಲ್ಲ. ಡಾಕ್ಟರ್ ಸಬೀಹಾ, "ಏನು ಬಿಟ್ಟುಹೋಗಿತ್ತು?" ಎಂದು ಕೇಳಿದಾಗ, "ಒಂದು ಸಾಲು ಸರಿಯಾಗಿ ಶುರುವಾಗುತ್ತಿರಲಿಲ್ಲ. ಈಗ ಆಗುತ್ತಿದೆ," ಎಂದೆ. ರಿಜಿಸ್ಟರಿನಲ್ಲೂ ಅದನ್ನೇ ಬರೆದೆ. ಸುಳ್ಳಲ್ಲದ ವಾಕ್ಯ ಹುಡುಕಲು ಅರ್ಧ ಗಂಟೆ ಹಿಡಿಯಿತು.

ಎಂಟು ದಿನ ಕಳೆದಿರಬೇಕು. ರಾತ್ರಿ ಏಳೂವರೆಗೆ ನಾನು ಬ್ಯಾಗು ಹೆಗಲಿಗೇರಿಸುತ್ತಿದ್ದಾಗ ವೀರೇಶ ಬಂದ. ಖಾಕಿ ಶರಟು, ಕೊರಳಲ್ಲಿ ಟಿಕೆಟು ಮೆಷಿನ್ನಿನ ಪಟ್ಟಿ ಇನ್ನೂ ತೆಗೆದಿರಲಿಲ್ಲ. ಗಾಜಿನ ಮುಂದೆ ನಿಲ್ಲುವ ಬದಲು ನನ್ನ ಮೇಜಿನ ಮುಂದೆ ನಿಂತ.

"ಅಕ್ಕಾ, ಒಂದು ಮಾತು."

"ಹೇಳಪ್ಪಾ."

"ಅವಳ ದನಿ ಇದೆಯಲ್ಲ... ಅಳಿಸಿಬಿಟ್ರಾ?"

"ಅಳಿಸಿಲ್ಲ. ಇಟ್ಟಿದೀನಿ."

ಅವನು ಉಸಿರು ಬಿಟ್ಟ. "ನಾನು ಅವತ್ತು ಸಹಿ ಹಾಕಬಾರದಿತ್ತು ಅಕ್ಕಾ. ಅತ್ತೆ ಅಷ್ಟು ಹೆದರಿದ್ರು, ಮಗಳನ್ನ ಕಳಕೊಂಡೋರು, ಇಲ್ಲ ಅನ್ನೋಕೆ ಆಗಲಿಲ್ಲ. ಆದರೆ ಬಸ್ಸಿನಲ್ಲಿ ದಿನಾ ನೋಡ್ತೀನಿ. ಎಷ್ಟು ರಚ್ಚೆ ಹಿಡಿದ ಕೂಸಾದ್ರೂ ಅವರವ್ವ ಒಂದು ಮಾತು ಬಯ್ದರೆ ಸುಮ್ಮನಾಗುತ್ತೆ. ನನ್ನ ಮಗಳಿಗೆ ಅದೊಂದೂ ಬೇಡ ಅಂದುಬಿಟ್ಟೆ." ಕೊರಳಿನ ಪಟ್ಟಿಯನ್ನು ಎಳೆದುಕೊಂಡ. "ಹಾಕಿಬಿಡಿ ಅಕ್ಕಾ. ಅತ್ತೆಗೆ ಮಾತ್ರ ಗೊತ್ತಾಗೋದು ಬೇಡ. ಅವರಿಗೆ ಗೊತ್ತಾದರೆ ಹೆದರಿಕೆಯಲ್ಲೇ ಸತ್ತುಹೋಗ್ತಾರೆ. ಏನೇ ಆದರೂ ಅದು ನನ್ನ ಮೇಲೆ ಬರಲಿ. ಅವರ ಮೇಲೆ ಬೇಡ."

ಆಗಲೇ ಹಾಕಿದ್ದೇನೆ ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿಬಿಡು, ಇಬ್ಬರಿಗೂ ಹಗುರವಾಗುತ್ತದೆ ಎಂದಿತು ಮನಸ್ಸು. ಅವನ ಮುಖ ನೋಡಿದೆ. ಹೆಂಡತಿ ಸತ್ತ ದಿನದಿಂದ ಗೋಡೆ ನೋಡುತ್ತ ನಿಲ್ಲುತ್ತಿದ್ದ ಹುಡುಗ, ಇವತ್ತು ಮೊದಲ ಸಲ ನೇರ ನೋಡಿ ಮಾತಾಡುತ್ತಿದ್ದ. ಮಗಳಿಗಾಗಿ ಅವನು ತಾನಾಗಿ ತೆಗೆದುಕೊಂಡ ಮೊದಲ ತೀರ್ಮಾನ ಅದು.

"ಆಗಲಿ," ಎಂದೆ.

ಒಳಗೆ ಹೋಗಿ ಮೂರನೆಯ ಕಂಪ್ಯೂಟರಿನ ಮುಂದೆ ಕುಳಿತು ಪಟ್ಟಿ ತೆರೆದೆ. ಸಾಲು ಅಲ್ಲೇ ಇತ್ತು. ಅವನು ಗಾಜಿನಾಚೆಯಿಂದ ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಅವನು ನೋಡಲೆಂದು ಕೊನೆಯಲ್ಲಿ ಒಂದು ಖಾಲಿ ಸಾಲು ಬರೆದು, ಅಳಿಸಿ, ಪಟ್ಟಿಯನ್ನು ಇದ್ದಂತೆಯೇ ಉಳಿಸಿದೆ. ಅಷ್ಟು ವರ್ಷದಲ್ಲಿ ನಾನು ಕಾರಣವಿಲ್ಲದೆ ಒತ್ತಿದ ಕೀಲಿ ಅದೊಂದೇ. ಅರ್ಜಿಯಲ್ಲಿ ಸಹಿ ಹಾಕಿದ್ದ ಇಬ್ಬರ ಒಪ್ಪಿಗೆಯೂ ಈಗ ನನ್ನಲ್ಲಿತ್ತು.

ಎಂಟು ಗಂಟೆಗೆ ಅವನು ರಿಸೀವರು ಎತ್ತಿಕೊಂಡ. ನಾನು ಬೇರೆ ಕಡೆ ನೋಡಿದೆ. ಇಪ್ಪತ್ತು ನಿಮಿಷ ಆದಮೇಲೆ ಅವನು ಬಂದು, ಒದ್ದೆ ಮುಖ ಒರೆಸಿಕೊಳ್ಳದೆ, "ಪೂರ್ತಿ ನನ್ನ ಮೇಲೇ ಚಾಡಿ ಹೇಳ್ತಿದಾಳೆ ಅಕ್ಕಾ," ಎಂದು ನಕ್ಕ. ನಗುತ್ತಲೇ ಮೆಟ್ಟಿಲಿಳಿದು ಹೋದ.

ಮರುದಿನ ಮಧ್ಯಾಹ್ನ ಎರಡಕ್ಕೆ ನೀಲಮ್ಮ ಬಂದರು. ಕೇಳಿಸಿಕೊಂಡು ಮುಗಿಸಿ, ಚೀಲದಿಂದ ಡಬ್ಬಿ ತೆಗೆದು ಎರಡು ಕರ್ಜಿಕಾಯಿ ನನ್ನ ಕೈಗಿಟ್ಟರು. ಬೇಡ ಎಂದರೆ ಬಯ್ಯುತ್ತಾರೆ ಎಂದು ತೆಗೆದುಕೊಂಡೆ.

"ನಿನ್ನಿ ರಾತ್ರಿ ವೀರೇಶ ಭಾಳ ಹೊತ್ತಿಗೆ ಮನೀಗೆ ಬಂದ," ಎಂದರು. "ಬಂದಾಂವ ಎರಡು ರೊಟ್ಟಿ ಹೆಚ್ಚಿಗಿ ಉಂಡ. ಇಲ್ಲಿಗೆ ಬಂದಿದ್ನೇನು?"

"ಬಂದಿದ್ದರು."

"ಏನಂದ?"

ಕರ್ಜಿಕಾಯಿಯ ಅಂಚು ಮುರಿದು ಬಾಯಿಗಿಟ್ಟುಕೊಂಡೆ. ಇವರು ಅವನಿಗಾಗಿ ಹೊತ್ತದ್ದನ್ನು ಅವನೂ ಇವರಿಗಾಗಿ ಹೊತ್ತಿದ್ದ. ನಾನು ಬಾಯಿಬಿಟ್ಟರೆ ಇಬ್ಬರ ಕೈಯೂ ಬರಿದಾಗುತ್ತಿತ್ತು. ಅಂಬಿಕಾಳಿಗೆ ಅವರಿಬ್ಬರೂ ಇನ್ನು ಕೊಡಬಹುದಾಗಿದ್ದದ್ದು ಹೀಗೆ ಒಬ್ಬರನ್ನೊಬ್ಬರು ಕಾಯುವುದೊಂದೇ.

"ಕೂಸು ಹೇಗಿದೆ ಅಂತ ಕೇಳಿದರು ಅಮ್ಮಾ," ಎಂದೆ. "ಬೆಳೀತಿದೆ ಅಂತ ಹೇಳಿದೆ."

ಇನ್ನೇನಾದರೂ ಇದೆಯೋ ಎಂಬಂತೆ ಅವರು ನನ್ನ ಮುಖ ನೋಡಿದರು. ಅವರಿಗೂ ಅವನಿಗೂ, ಡಾಕ್ಟರಿಗೂ, ಮನೆಯಲ್ಲಿ ರುದ್ರೇಶರಿಗೂ ಹೇಳುವುದಿಲ್ಲ ಎಂದು ಅಷ್ಟರಲ್ಲಿ ನಾನು ತೀರ್ಮಾನ ಮಾಡಿ ಆಗಿತ್ತು. ಉಳಿದ ಕರ್ಜಿಕಾಯಿಯನ್ನು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸಿದೆ.